ವಿಮಾನದ ಟಿಕೇಟೂ ಕಾಗೋಡಿನ ಕೊಳಗವೂ

(ಮಾಕಳಿದುರ್ಗದಲ್ಲಿ ಸೇರಿದ್ದ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಸಭೆಯ ವಿಷಯ ಕೇಳಿ ಕೆಲವರು ನಕ್ಕರೆಂದು ಬಲ್ಲೆ. ಬಸ್ ಚಾರ್ಜಿನ ಮಾತಾಡಿ, ನೂಲಿನ ಬೆಲೆಯ ಮಾತಾಡಿ, ವಿಮಾನ ತಡವಾದರೆ ನಮಗೇನಾಗಬೇಕು ಎಂಬುದು ಅವರ ವಾದ. ಇಪ್ಪತ್ತೈದು ವರ್ಷದ ಹಿಂದೆ ಈ ವಾದವನ್ನು ನಾನೂ ಒಪ್ಪುತ್ತಿದ್ದೆ. ಇಂದು ಒಪ್ಪಲಾರೆ.

ನಮ್ಮ ಪಕ್ಕದ ತಾಲ್ಲೂಕು ದೇವನಹಳ್ಳಿ. 2008ರ ಮೇ 24ರಂದು ಅಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಸುಮಾರು 4,000 ಎಕರೆ ನೆಲ ಅದಕ್ಕೆ ಹೋಯಿತು. ಅದಕ್ಕೂ ಮೊದಲೇ, 2003ರಲ್ಲಿ, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಎಂಬ ಕಂಪೆನಿ ಕಟ್ಟಿ ಅಗ್ಗದ ಟಿಕೇಟು ಮಾರತೊಡಗಿದ್ದರು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕೆಂದು 2017ರಲ್ಲಿ ಪ್ರಧಾನಿಗಳು ಹೇಳಿದರು. ಹತ್ತುತ್ತಲೂ ಇದ್ದಾನೆ, ಸುಳ್ಳೇನಲ್ಲ. ದೊಡ್ಡಬಳ್ಳಾಪುರದ ಉಡುಪಿನ ಕಾರ್ಖಾನೆಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನ ಹುಡುಗ ಹುಡುಗಿಯರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ತಾಯಿಗೆ ಜೋರಾಗಿದೆ, ಕೂಡಲೆ ಹೊರಡು ಎಂದು ಊರಿನಿಂದ ಫೋನು ಬಂದರೆ, ಗುವಾಹಟಿಗೆ ರೈಲಿನಲ್ಲಿ ಎರಡು ದಿನಕ್ಕೂ ಮೇಲೆ ಹಿಡಿಯುತ್ತದೆ. ಆಗ ಜೊತೆಯವರಿಂದ ಕೈಸಾಲ ಮಾಡಿ, ಚೀಟಿ ಎತ್ತಿ, ವಿಮಾನದ ಟಿಕೇಟು ಕೊಳ್ಳುತ್ತಾರೆ. ಜರಿಗೆಂದು ಸೂರತ್ತಿಗೆ ಹೋಗಿಬರುವ ಮಗ್ಗದವರು ನಮ್ಮಲ್ಲಿದ್ದಾರೆ. ಮಗನನ್ನು ದುಬೈಗೆ ಕಳಿಸಿದ ತಂದೆಯರು ಈ ಸಭೆಯಲ್ಲೇ ಇದ್ದಾರೆ.

ಹಣವಂತನಿಗೆ ವಿಮಾನ ತಡವಾದರೆ ಬೇಸರ. ದಿನಗೂಲಿಯವನಿಗೆ ಅದು ಎರಡು ದಿನದ ಸಂಬಳ, ಮುಗಿದುಹೋದ ರಜೆ, ಕೆಲವು ಸಲ ಹೆತ್ತವಳ ಕೊನೆಯ ಮುಖ. ಆದ್ದರಿಂದ ಈ ವಿಷಯದಲ್ಲಿ ನಮಗೆ ಹಕ್ಕು ಏನುಂಟು, ಏನಿಲ್ಲ ಎಂಬುದನ್ನು ನಾವು ಇಂಗ್ಲಿಷ್ ಬಲ್ಲವರಿಗೆ ಬಿಟ್ಟು ಕೂರುವಂತಿಲ್ಲ.

ಮೊದಲು ಸೀಟಿನ ಮಾತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಅಲ್ಲಿ ಒಬ್ಬ ಒಂದೇ ಜೊತೆ ಹೋರಿಯನ್ನು ಬೆಳಗ್ಗೆ ಒಬ್ಬರಿಗೆ ಮಾರಿ ಪೂರ್ತಿ ಹಣ ಎಣಿಸಿಕೊಂಡು, ಸಂಜೆ ಇನ್ನೊಬ್ಬರಿಗೂ ಮಾರಿದನೆನ್ನಿ. ಜಾತ್ರೆಯ ಜನ ಅವನನ್ನು ಏನು ಮಾಡುತ್ತಾರೆಂಬುದನ್ನು ಹೇಳುವುದು ಬೇಡ. ವಿಮಾನ ಕಂಪೆನಿ ಇದೇ ಕೆಲಸ ಮಾಡಿದರೆ ಅದಕ್ಕೆ ಓವರ್‌ಬುಕಿಂಗ್ ಎಂದು ಹೆಸರು. ನಮ್ಮ ದೇಶದಲ್ಲಿ ಅದು ಅಪರಾಧವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವೇ ಅದಕ್ಕೆ ಒಂದು ಮಿತಿಯೊಳಗೆ ಅವಕಾಶ ಕೊಟ್ಟಿದೆ. ಲೆಕ್ಕ ಹೀಗೆ: 180 ಸೀಟಿನ ವಿಮಾನಕ್ಕೆ ಪ್ರತಿ ದಿನ ಐದಾರು ಜನ ಟಿಕೇಟು ಕೊಂಡೂ ಬರುವುದಿಲ್ಲ ಎಂದು ಕಂಪೆನಿಗೆ ಅನುಭವದಿಂದ ಗೊತ್ತು. ಹಾಗಾದರೆ 185 ಟಿಕೇಟು ಮಾರಿಬಿಡೋಣ. ಐವರು ಬಾರದಿದ್ದರೆ ಲಾಭ. ಎಲ್ಲರೂ ಬಂದರೆ ಐವರು ಬಾಗಿಲ ಹೊರಗೆ.

ಸೀಟು ಖಾಲಿ ಹೋದರೆ ನಮಗೆ ನಷ್ಟವಲ್ಲವೇ ಎಂದು ಕಂಪೆನಿಯವರು ಕೇಳುತ್ತಾರೆ. ಎಲ್ಲಿಯ ನಷ್ಟ? ಬಾರದವನು ಹಣ ಕೊಟ್ಟೇ ಕೊಂಡಿದ್ದ. ಅವನ ಮೂಲ ದರವನ್ನೂ ಇಂಧನದ ಚಾರ್ಜನ್ನೂ ರದ್ದತಿ ಶುಲ್ಕವೆಂದು ಕಂಪೆನಿ ಇಟ್ಟುಕೊಳ್ಳಬಹುದು. ಹಾಗೆ ಹಣ ಮುಟ್ಟಿದ ಸೀಟನ್ನೇ ಎರಡನೆಯ ಸಲ ಮಾರುವುದು ಇದು. (ಇಲ್ಲಿ ಒಂದು ಒಳಗುಟ್ಟು ಹೇಳಿಬಿಡುತ್ತೇನೆ. ಹಣ ವಾಪಸಿಲ್ಲ ಎಂದು ಬರೆದ ಟಿಕೇಟಿನಲ್ಲೂ ತೆರಿಗೆಯ ಹಣ, ನಿಲ್ದಾಣದ ಬಳಕೆ ಶುಲ್ಕ ಇವನ್ನು ಕಂಪೆನಿ ಹಿಂದಕ್ಕೆ ಕೊಡಲೇಬೇಕು. ಕೇಳುವವರು ಕಡಿಮೆ. ಕೇಳಿ.)

ರೈಲ್ವೆಯೂ ಇರುವುದಕ್ಕಿಂತ ಹೆಚ್ಚು ಟಿಕೇಟು ಕೊಡುತ್ತದೆ, ನಿಜ. ಆದರೆ ವೇಟಿಂಗ್ ಲಿಸ್ಟ್ ಎಂದು ಚೀಟಿಯ ಮೇಲೆ ಬರೆದೇ ಕೊಡುತ್ತದೆ. ಆರ್‌ಎಸಿ ಎಂದರೆ ಒಂದೇ ಬರ್ತಿನಲ್ಲಿ ಇಬ್ಬರು ಮೊಣಕಾಲು ಮಡಿಸಿಕೊಂಡು ರಾತ್ರಿ ಕಳೆಯಬೇಕು. ಅದು ಕಷ್ಟ, ಮೋಸವಲ್ಲ, ಯಾಕೆಂದರೆ ಇಬ್ಬರಿಗೂ ಮೊದಲೇ ಗೊತ್ತು. ವಿಮಾನದವನು ಇಬ್ಬರಿಗೂ ನಿಮ್ಮ ಸೀಟು ಖಾಯಂ ಎಂದೇ ಬರೆದುಕೊಟ್ಟಿರುತ್ತಾನೆ.

ಈ ಮರೆಮಾಚುವಿಕೆಯ ಮೇಲೆ ಮೊದಲು ದೊಡ್ಡ ಪೆಟ್ಟು ಬಿದ್ದದ್ದು ಅಮೆರಿಕದಲ್ಲಿ. ಗ್ರಾಹಕರ ಪರವಾಗಿ ಕಂಪೆನಿಗಳ ಮೇಲೆ ಜೀವಮಾನವೆಲ್ಲ ಹೋರಾಡಿದ ರಾಲ್ಫ್ ನೇಡರ್ 1972ರ ಏಪ್ರಿಲ್ 28ರಂದು ವಾಷಿಂಗ್ಟನ್ನಿನಿಂದ ಹಾರ್ಟ್‌ಫರ್ಡಿಗೆ ಭಾಷಣ ಮಾಡಲು ಹೊರಟಿದ್ದರು. ಅಲಿಗೇನಿ ಎಂಬ ಕಂಪೆನಿ 100 ಸೀಟಿಗೆ 107 ಜನರಿಗೆ ಖಾಯಂ ಟಿಕೇಟು ಕೊಟ್ಟಿತ್ತು. ನೇಡರ್ ಹೊರಗುಳಿದರು, ಜನ ಕಾದಿದ್ದ ಸಭೆಗೆ ಹೊತ್ತಿಗೆ ತಲುಪಲಾಗಲಿಲ್ಲ. ಕಂಪೆನಿ ಕೊಡಬಂದ ಪರಿಹಾರವನ್ನು ಅವರು ತೆಗೆದುಕೊಳ್ಳದೆ ಕೋರ್ಟಿಗೆ ಹೋದರು. ಹೆಚ್ಚು ಮಾರುವುದನ್ನು ಬಚ್ಚಿಟ್ಟದ್ದು ವಂಚನೆ ಎಂಬ ದಾವೆಯನ್ನು ಪ್ರಯಾಣಿಕ ಹೂಡಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಹೇಳಿತು. ಎರಡೇ ವರ್ಷದಲ್ಲಿ ಅಲ್ಲಿಯ ನಿಯಮ ಬದಲಾಯಿತು: ಸೀಟು ಸಾಲದಿದ್ದರೆ ಮೊದಲು, ಹಣ ಪಡೆದು ಇಷ್ಟಪಟ್ಟು ಉಳಿಯುವವರು ಯಾರಾದರೂ ಇದ್ದಾರೆಯೇ ಎಂದು ಕಂಪೆನಿ ಕೇಳಬೇಕು. ಒಬ್ಬ ಭಾಷಣಕಾರ ಸಭೆಗೆ ತಪ್ಪಿಸಿಕೊಂಡದ್ದರಿಂದ ಇಷ್ಟು ಪ್ರಯೋಜನವಾದದ್ದು ಬೇರೆ ಯಾವಾಗಲೂ ಇರಲಾರದು.

ನಮ್ಮಲ್ಲಿ ನಿಯಮ ಬಂದದ್ದು 2010ರ ಆಗಸ್ಟ್ 15ರಿಂದ. ಈಗಿನ ಮೊತ್ತಗಳು 2016ರ ಆಗಸ್ಟಿನವು. ಇವನ್ನು ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಖಾಯಂ ಟಿಕೇಟು ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಹಾಜರಾದ ನಿಮ್ಮನ್ನು ಸೀಟಿಲ್ಲವೆಂದು ತಡೆದರೆ, ಕಂಪೆನಿ ಮೊದಲು ಇಷ್ಟಪಟ್ಟು ಉಳಿಯುವವರನ್ನು ಹುಡುಕಬೇಕು. ಯಾರೂ ಸಿಗದೆ ನಿಮ್ಮನ್ನೇ ಉಳಿಸಿದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಹತ್ತಿಸಿದಲ್ಲಿ ಪರಿಹಾರವಿಲ್ಲ. ಅದು ಮೀರಿ 24 ಗಂಟೆಯೊಳಗಾದರೆ ಒಂದು ಕಡೆಯ ಪ್ರಯಾಣದ ಮೂಲ ದರ ಮತ್ತು ಇಂಧನ ಚಾರ್ಜು ಸೇರಿದ ಮೊತ್ತದ ಎರಡು ಪಟ್ಟು, ಹೆಚ್ಚೆಂದರೆ 10,000 ರೂಪಾಯಿ. 24 ಗಂಟೆಯೂ ದಾಟಿದರೆ ನಾಲ್ಕು ಪಟ್ಟು, ಹೆಚ್ಚೆಂದರೆ 20,000. ನಿಮ್ಮ ಬೇರೆ ವಿಮಾನವೇ ಬೇಡ ಎಂದಿರೋ, ಟಿಕೇಟಿನ ಪೂರ್ತಿ ಹಣ ವಾಪಸು, ಅದರ ಮೇಲೆ ಅದೇ ನಾಲ್ಕು ಪಟ್ಟು, ಅದೇ 20,000ದ ಮಿತಿ.

ವಿಮಾನವೇ ರದ್ದಾದರೆ ಲೆಕ್ಕ ಬೇರೆ. ಎರಡು ವಾರ ಮೊದಲೇ ತಿಳಿಸಿ, ಬೇರೆ ವಿಮಾನ ಅಥವಾ ಹಣ ವಾಪಸು ಕೊಟ್ಟರೆ ಅವರ ಹೊಣೆ ತೀರಿತು. ಅದಕ್ಕಿಂತ ತಡವಾಗಿ, ಆದರೆ ಹೊರಡುವುದಕ್ಕೆ 24 ಗಂಟೆಯಾದರೂ ಮೊದಲು ತಿಳಿಸಿದರೆ, ನಿಮ್ಮ ಹೊತ್ತಿಗೆ ಎರಡು ಗಂಟೆಯ ಅಂತರದೊಳಗೆ ಬೇರೆ ವಿಮಾನ ಕೊಡಬೇಕು, ಇಲ್ಲವೇ ಹಣ ವಾಪಸು. ಹೀಗೆ ತಿಳಿಸದಿದ್ದರೆ, ಬದಲಿ ವಿಮಾನ ಅಥವಾ ವಾಪಸು ಹಣದ ಜೊತೆಗೆ ಪರಿಹಾರವನ್ನೂ ಕೊಡಬೇಕು: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲೆ 10,000. ಆದರೆ ಒಂದು ಬಾಲವಿದೆ: ಈ ಮೊತ್ತ ಅಥವಾ ನಿಮ್ಮ ಮೂಲ ದರ ಮತ್ತು ಇಂಧನ ಚಾರ್ಜು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

ಈ ಬಾಲದಲ್ಲೇ ಎಲ್ಲ ಇದೆ. ನೀವು ಕೈಯಿಂದ 6,000 ರೂಪಾಯಿ ಎಣಿಸಿದಿರಿ ಎನ್ನೋಣ. ಅದರಲ್ಲಿ ಮೂಲ ದರ ಮತ್ತು ಇಂಧನ 4,200. ಉಳಿದದ್ದು ತೆರಿಗೆ, ನಿಲ್ದಾಣದ ಶುಲ್ಕ, ಇನ್ನೊಂದು, ಮತ್ತೊಂದು. ಒಂದೂವರೆ ಗಂಟೆಯ ಹಾರಾಟ ಕೊನೆಯ ಗಳಿಗೆಯಲ್ಲಿ ರದ್ದಾದರೆ ಪುಸ್ತಕದಲ್ಲಿ 7,500 ಎಂದಿದ್ದರೂ ನಿಮ್ಮ ಕೈಗೆ ಬರುವುದು 4,200. ಅದೇ ದಿನ ಬೇರೆ ಕಂಪೆನಿಯಲ್ಲಿ ಟಿಕೇಟು ಕೊಳ್ಳಹೋದರೆ ಬೆಲೆ 12,000 ಆಗಿರುತ್ತದೆ.

ಹಿರಿಯರಿಗೆ ಕಾಗೋಡಿನ ನೆನಪಿರಬೇಕು. 1951ರಲ್ಲಿ ಸಾಗರದ ಆ ಹಳ್ಳಿಯಲ್ಲಿ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ಮೇಲೆ. ಊರಿನ ಲೆಕ್ಕಕ್ಕೆ ಒಂದು ಕೊಳಗ, ಗೇಣಿ ಅಳೆದುಕೊಳ್ಳುವುದಕ್ಕೆ ಅದಕ್ಕಿಂತ ದೊಡ್ಡ ಕೊಳಗ. ಲೋಹಿಯಾ ಅವರು ಬಂದು ಅಲ್ಲಿ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಮುಂದೆ ನಿಂತರು. ಎಪ್ಪತ್ತು ವರ್ಷ ಕಳೆದರೂ ಕೊಳಗ ಎರಡೇ ಇವೆ. ಟಿಕೇಟು ಮಾರುವಾಗ ತೆರಿಗೆ, ಶುಲ್ಕ ಎಲ್ಲ ಸೇರಿಸಿದ ದೊಡ್ಡ ಕೊಳಗ. ಪರಿಹಾರ ಅಳೆದು ಕೊಡುವಾಗ ಮೂಲ ದರದ ಸಣ್ಣ ಕೊಳಗ.

ಇನ್ನು ತಡವಾಗುವ ವಿಷಯ. ಇಲ್ಲಿ ನಮ್ಮ ನಿಯಮ ಇನ್ನೂ ಬಡವಾಗಿದೆ. ವಿಮಾನ ಎಷ್ಟೇ ತಡವಾದರೂ ನಗದು ಪರಿಹಾರವೆಂಬುದು ಇಲ್ಲ. ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆಗಿಂತ ತಡವಾದರೆ, ಅದಕ್ಕಿಂತ ಉದ್ದದ್ದು ಮೂರು ಅಥವಾ ನಾಲ್ಕು ಗಂಟೆಗಿಂತ ತಡವಾದರೆ, ಊಟ ತಿಂಡಿ ಕೊಡಬೇಕು. ಒಳನಾಡಿನ ವಿಮಾನ ಆರು ಗಂಟೆಗಿಂತ ಹೆಚ್ಚು ತಡವೆಂದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದದ್ದು ಆರು ಗಂಟೆ ಮೀರಿ ತಡವಾದರೆ, ಹೋಟೆಲಿನಲ್ಲಿ ಇಳಿಸಿ ಅಲ್ಲಿಗೆ ಹೋಗಿಬರುವ ವ್ಯವಸ್ಥೆಯನ್ನೂ ಮಾಡಬೇಕು. ಐದೂವರೆ ಗಂಟೆ ಕಾಯಿಸಿ ಒಂದು ಉಪ್ಪಿಟ್ಟಿನ ಡಬ್ಬಿ ಕೈಗಿಟ್ಟರೆ ಕಂಪೆನಿ ಕಾಯ್ದೆಯನ್ನು ಪಾಲಿಸಿದಂತಾಯಿತು. ಆ ಡಬ್ಬಿಯನ್ನಾದರೂ ಬಿಡಬೇಡಿ. ಕೌಂಟರಿನಲ್ಲಿ ಕೇಳದ ಹೊರತು ಅದೂ ಬರದಿರುವುದುಂಟು.

ಮಂಜು ಕವಿದರೆ ಏನು ಮಾಡುವುದು ಎಂದು ಕೇಳಬಹುದು. ಡಿಸೆಂಬರ್, ಜನವರಿಯ ಮುಂಜಾನೆ ದೇವನಹಳ್ಳಿಯ ಬಯಲಿನಲ್ಲಿ ಮಂಜು ಬೀಳುವುದು ನಮಗೇನು ಹೊಸದೇ? ಕಣ್ಣು ಕಾಣದಾಗ ವಿಮಾನ ಹಾರಿಸಿ ಎಂದು ಯಾರೂ ಹೇಳುವುದಿಲ್ಲ. ಹೈದರಾಬಾದಿನ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಇದನ್ನೇ ಹೇಳಿತು: ಮಂಜಿನಿಂದಾದ ತಡಕ್ಕೆ ಪರಿಹಾರವಿಲ್ಲ, ಆದರೆ ಕಾಯುವ ಪ್ರಯಾಣಿಕನ ಊಟ, ಅನುಕೂಲ ನೋಡಿಕೊಳ್ಳುವ ಹೊಣೆ ಕಂಪೆನಿಗೆ ತಪ್ಪದು. ಅದೇ ಮೊಕದ್ದಮೆಯಲ್ಲಿ, ದಾವೆ ಹೂಡುವುದಾದರೆ ದೆಹಲಿಯಲ್ಲೇ ಹೂಡಬೇಕೆಂಬ ಟಿಕೇಟಿನ ಷರತ್ತಿಗೆ ಕೋರ್ಟು ಬೆಲೆ ಕೊಡಲಿಲ್ಲ.

ಮಂಜನ್ನು ಒಪ್ಪೋಣ, ಪ್ರವಾಹವನ್ನು ಒಪ್ಪೋಣ. ಆದರೆ ಪರಿಹಾರ ಕೊಡಬೇಕಿಲ್ಲದ ಅಸಾಧಾರಣ ಸಂದರ್ಭಗಳೆಂದು ನಿಯಮದಲ್ಲೊಂದು ಪಟ್ಟಿಯಿದೆ. ಅಂತರ್ಯುದ್ಧ, ದಂಗೆ, ಪ್ರವಾಹ, ಸ್ಫೋಟ ಇವುಗಳ ಸಾಲಿನಲ್ಲಿ ಇನ್ನೊಂದು ಪದ ಕೂತಿದೆ: ಮುಷ್ಕರ. ನೌಕರರು ಕೂಲಿಗಾಗಿ ಕೆಲಸ ನಿಲ್ಲಿಸಿದರೆ ಅದು ಭೂಕಂಪಕ್ಕೆ ಸಮ, ಕಂಪೆನಿಯ ಕೈಮೀರಿದ್ದು! ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರ ಮುಂದಾಳ್ತನದಲ್ಲಿ 1974ರ ಮೇ ತಿಂಗಳಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದಾಗ, ಅದು ಆಕಾಶದಿಂದ ಬಿದ್ದದ್ದೆಂದು ಯಾರೂ ಹೇಳಲಿಲ್ಲ. ವರ್ಷಗಟ್ಟಲೆ ಬೇಡಿಕೆಗಳನ್ನು ಕೇಳಿಸಿಕೊಳ್ಳದೆ ಕೂತದ್ದರ ಫಲ ಅದು.

ಯೂರೋಪಿನಲ್ಲಿ ನೋಡಿ. ಅಲ್ಲಿಯ ನಿಯಮ 2005ರಿಂದ ಜಾರಿಯಲ್ಲಿದೆ. ದೂರ ನೋಡಿ 250, 400 ಅಥವಾ 600 ಯೂರೋ ಪರಿಹಾರ. ಟಿಕೇಟು ಎಷ್ಟು ಅಗ್ಗದ್ದೆಂಬುದನ್ನು ಅಲ್ಲಿ ಕೇಳುವುದಿಲ್ಲ. ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಊರು ಮುಟ್ಟಿಸಿದರೂ ಈ ಹಣ ಸಲ್ಲಬೇಕೆಂದು ಅಲ್ಲಿನ ನ್ಯಾಯಾಲಯ 2009ರಲ್ಲಿ ತೀರ್ಪು ಕೊಟ್ಟಿತು. ಎಸ್‌ಎಎಸ್ ಎಂಬ ಕಂಪೆನಿಯ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಹೂಡಿದಾಗ, ಕಂಪೆನಿ ಇದು ಅಸಾಧಾರಣ ಸಂದರ್ಭವೆಂದು ವಾದಿಸಿತು. 2021ರ ಮಾರ್ಚ್ 23ರಂದು ನ್ಯಾಯಾಲಯ ಒಪ್ಪಲಿಲ್ಲ. ಸ್ವಂತ ನೌಕರರ ಸಂಬಳದ ಜಗಳ ಯಾವ ಉದ್ಯಮಕ್ಕೂ ಸಾಧಾರಣವಾದದ್ದು, ಅದಕ್ಕೆ ಕಂಪೆನಿಯೇ ಹೊಣೆ ಎಂಬುದು ಆ ತೀರ್ಪಿನ ತಿರುಳು. ಇದು ಸಮಾಜವಾದಿಗಳ ಸಭೆಯ ಠರಾವಲ್ಲ, ಯೂರೋಪಿನ ಅತ್ಯುನ್ನತ ನ್ಯಾಯಾಲಯದ ಮಾತು. ಪರಿಹಾರ ಕಂಪೆನಿಯ ತಲೆಯ ಮೇಲೆ ಬೀಳುತ್ತದೆಂದಾದರೆ ಅದು ನೌಕರರೊಡನೆ ಬೇಗ ಕೂತು ಮಾತನಾಡುತ್ತದೆ. ನಮ್ಮ ನಿಯಮದಲ್ಲಿ ಕಂಪೆನಿಗೆ ಆ ಅವಸರವಿಲ್ಲ. ಕಾದು ಕುಳಿತ ಪ್ರಯಾಣಿಕ ನೌಕರನನ್ನೇ ಬೈಯುತ್ತಾನೆ.

ಈಗ 2025ರ ಡಿಸೆಂಬರಿಗೆ ಬನ್ನಿ. ದೇಶದ ಒಳನಾಡು ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜನರನ್ನು ಸಾಗಿಸುತ್ತಿದ್ದ ಇಂಡಿಗೋ ಕಂಪೆನಿ 3ರಿಂದ 5ನೆಯ ತಾರೀಖಿನೊಳಗೆ 2,507 ಹಾರಾಟಗಳನ್ನು ರದ್ದು ಮಾಡಿತು, 1,852 ತಡವಾದವು, ಮೂರು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಹುಬ್ಬಳ್ಳಿಯಲ್ಲೊಂದು ಆರತಕ್ಷತೆ ನಡೆದದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬೇಕು. ಮದುಮಕ್ಕಳು ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರ ಕುರ್ಚಿಯಲ್ಲಿ ತಂದೆತಾಯಿಗಳು ಕುಳಿತರು; ಗಂಡು ಹೆಣ್ಣು ಪರದೆಯ ಮೇಲೆ ಕಾಣಿಸಿಕೊಂಡು ಬಂಧುಗಳ ಹಾರೈಕೆ ಪಡೆದರು. ನಗು ಬರುತ್ತದೆ. ಆಸ್ಪತ್ರೆಗೆ, ಸಾವಿನ ಮನೆಗೆ, ಪರೀಕ್ಷೆಗೆ ಹೊರಟವರ ಗತಿ ನೆನೆದರೆ ನಗು ನಿಲ್ಲುತ್ತದೆ.

ಕಾರಣವೇನು? ಪೈಲಟ್‌ಗಳಿಗೆ ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮವೇ ಕಾರಣವೆಂದು ಮೊದಲು ಸುದ್ದಿ ಹರಡಿತು. ನೋಡಿ, ಎಷ್ಟು ಬೇಗ ದುಡಿಯುವವನ ಕಡೆ ಬೆರಳು ತಿರುಗಿತು! ಆ ನಿಯಮ ಏನು ಹೇಳುತ್ತಿತ್ತು? ವಾರದ ವಿಶ್ರಾಂತಿ 36 ಗಂಟೆಯ ಬದಲು 48 ಗಂಟೆ. ರಾತ್ರಿಯ ಪಾಳಿಯಲ್ಲಿ ಆರು ಸಲ ವಿಮಾನ ಇಳಿಸುವ ಬದಲು ಎರಡೇ ಸಲ. ಇದು ಪ್ರಕಟವಾದದ್ದು 2024ರ ಜನವರಿಯಲ್ಲಿ. ಅದೇ ವರ್ಷದ ಜೂನಿನಲ್ಲಿ ಜಾರಿಗೆ ಬರಬೇಕಿತ್ತು. ಕಂಪೆನಿಗಳು ಎಳೆದವು, ವಿಷಯ ದೆಹಲಿ ಹೈಕೋರ್ಟಿನವರೆಗೆ ಹೋಗಿ, ಒಂದು ಭಾಗ 2025ರ ಜುಲೈ 1ರಿಂದಲೂ ಉಳಿದದ್ದು ನವೆಂಬರ್ 1ರಿಂದಲೂ ಜಾರಿಯಾಯಿತು. ಸುಮಾರು ಎರಡು ವರ್ಷ ಸಮಯವಿತ್ತು. ಆ ಅವಧಿಯಲ್ಲಿ ಬೇಕಾದಷ್ಟು ಪೈಲಟ್‌ಗಳನ್ನು ಅಣಿಮಾಡಿಕೊಳ್ಳದೆ ಕಂಪೆನಿ ಹಾರಾಟಗಳನ್ನು ಮಾತ್ರ ಮಾರುತ್ತಾ ಹೋಯಿತು.

ಇದೂ ಓವರ್‌ಬುಕಿಂಗೇ ಎಂದು ನಾನು ಹೇಳುತ್ತೇನೆ. ಒಂದು ಸೀಟನ್ನು ಇಬ್ಬರಿಗೆ ಮಾರುವುದಕ್ಕೂ, ಒಬ್ಬ ಮನುಷ್ಯನ ಒಂದು ರಾತ್ರಿಯನ್ನು ಮೂರು ಹಾರಾಟಕ್ಕೆ ಮಾರುವುದಕ್ಕೂ ಏನು ವ್ಯತ್ಯಾಸ? ಗಿರಣಿಯಲ್ಲಿ ಎರಡು ಮಗ್ಗ ನೋಡಿಕೊಳ್ಳುವವನಿಗೆ ನಾಲ್ಕು ಮಗ್ಗ ಕೊಟ್ಟಾಗ ನೂಲು ಕಡಿದರೆ ಬೈಗುಳ ಯಾರಿಗೆ ಬರುತ್ತದೆಂಬುದು ನಿಮಗೆ ಗೊತ್ತು. 2023ರಲ್ಲಿ ನಮ್ಮ ವಿಧಾನಮಂಡಲವೇ ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದೆಂದು ತಿದ್ದುಪಡಿ ತಂದದ್ದನ್ನು ಮರೆಯಬೇಡಿ. ಪೈಲಟ್ ದೊಡ್ಡ ಸಂಬಳದವನು, ಅವನ ಚಿಂತೆ ನಮಗೇಕೆ ಎಂದು ಹೇಳುವವರಿಗೆ ನನ್ನ ಉತ್ತರ: ನಿಮ್ಮ ಮಗಳು ಕೂತ ವಿಮಾನವನ್ನು ರಾತ್ರಿ ಮೂರು ಗಂಟೆಗೆ ಇಳಿಸುವವನ ಕಣ್ಣಿನಲ್ಲಿ ನಿದ್ದೆಯಿದ್ದರೆ, ಅವನ ಸಂಬಳ ಎಷ್ಟಾದರೇನು?

ಆಮೇಲೆ ಸರ್ಕಾರ ಏನು ಮಾಡಿತು? ಬೇರೆ ಕಂಪೆನಿಗಳು ಸಂದರ್ಭ ನೋಡಿ ದರ ಏರಿಸಿದ್ದಕ್ಕೆ ಡಿಸೆಂಬರ್ 6ರಂದು ಮಿತಿ ಹಾಕಿತು; ಅದು ಒಳ್ಳೆಯದೇ. ಅದಕ್ಕೂ ಮೊದಲೇ ರಾತ್ರಿ ಹಾರಾಟದ ನಿಯಮದಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ತಪ್ಪು ಕಂಪೆನಿಯದು, ದಂಡವಾಗಿ ತೆತ್ತದ್ದು ಪೈಲಟ್‌ನ ನಿದ್ದೆ. 2026ರ ಜನವರಿಯಲ್ಲಿ ಕಂಪೆನಿಗೆ 22.20 ಕೋಟಿ ರೂಪಾಯಿ ದಂಡ ಹಾಕಿದರು. ಕೇಳುವುದಕ್ಕೆ ದೊಡ್ಡ ಮೊತ್ತ. ಮೂರು ಲಕ್ಷ ಜನರಿಂದ ಭಾಗಿಸಿ ನೋಡಿ, ತಲೆಗೆ 740 ರೂಪಾಯಿ. ಅದೂ ಕಾದು ಕುಳಿತವನ ಕೈಗೆ ಬರುವುದಿಲ್ಲ, ಖಜಾನೆಗೆ ಹೋಗುತ್ತದೆ. ನಿಯಮದ ಪರಿಹಾರವಲ್ಲದೆ, ಬಹಳ ತೊಂದರೆಗೊಳಗಾದವರಿಗೆ 10,000 ರೂಪಾಯಿಯ ವೋಚರನ್ನು ಕಂಪೆನಿ ಘೋಷಿಸಿತು; ಹನ್ನೆರಡು ತಿಂಗಳೊಳಗೆ ಅದೇ ಕಂಪೆನಿಯ ಟಿಕೇಟು ಕೊಂಡರೆ ಮಾತ್ರ ಅದಕ್ಕೆ ಬೆಲೆ. ಸಾಲ ಮಾಡಿ ಒಂದು ಸಲ ವಿಮಾನ ಹತ್ತಿದವನಿಗೆ ಈ ಉಡುಗೊರೆಯಿಂದ ಏನು ಉಪಯೋಗ?

ದಂಡ ಒಂದು ಕಡೆ, ಪ್ರಯಾಣಿಕ ಇನ್ನೊಂದು ಕಡೆ ಎಂಬುದಕ್ಕೆ ನಮ್ಮ ದೇವನಹಳ್ಳಿಯಲ್ಲೇ ಸಾಕ್ಷಿಯಿದೆ. 2023ರ ಜನವರಿ 9ರ ಬೆಳಗ್ಗೆ ಗೋ ಫಸ್ಟ್ ಕಂಪೆನಿಯ ದೆಹಲಿ ವಿಮಾನ, ಅದರ ಕಡೆಗೆ ಬಸ್ಸಿನಲ್ಲಿ ಕೂತು ಹೊರಟಿದ್ದ 55 ಪ್ರಯಾಣಿಕರನ್ನು ನಿಲ್ದಾಣದ ಅಂಗಳದಲ್ಲೇ ಬಿಟ್ಟು ಹಾರಿಹೋಯಿತು. ಕೈಯಲ್ಲಿ ಬೋರ್ಡಿಂಗ್ ಪಾಸಿದೆ, ಸಾಮಾನು ಒಳಗೆ ಹೋಗಿದೆ, ಮನುಷ್ಯ ಬಸ್ಸಿನಲ್ಲಿದ್ದಾನೆ! ಕಂಪೆನಿಗೆ 10 ಲಕ್ಷ ದಂಡವಾಯಿತು. ಬಿಟ್ಟುಹೋದವರಿಗೆ ಒಂದೊಂದು ಬಿಟ್ಟಿ ಟಿಕೇಟು ಕೊಡುತ್ತೇವೆಂದರು. ನಾಲ್ಕು ತಿಂಗಳಿಗೆ, ಮೇ 3ರಿಂದ, ಆ ಕಂಪೆನಿಯೇ ಹಾರಾಟ ನಿಲ್ಲಿಸಿ ದಿವಾಳಿಯ ಅರ್ಜಿ ಹಿಡಿದು ನಿಂತಿತು. ಮುಂಗಡ ಟಿಕೇಟು ಕೊಂಡಿದ್ದವರು ಬ್ಯಾಂಕುಗಳ ಹಿಂದೆ, ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಯಿತು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ನಿಂತಾಗಲೂ ಸಂಬಳ ಬಾಕಿ ಉಳಿಸಿಕೊಂಡ ನೌಕರರು ಬೀದಿಯಲ್ಲಿ ನಿಂತಿದ್ದರು.

1953ರಿಂದ ವಿಮಾನಯಾನ ರಾಷ್ಟ್ರದ ಸ್ವತ್ತಾಗಿದ್ದ ಕಾಲದಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿತ್ತೆಂದು ನಾನು ಹೇಳಲಾರೆ, ಆಗಲೂ ಕಾಯಿಸುತ್ತಿದ್ದರು. ಏರ್ ಇಂಡಿಯಾ ಟಾಟಾ ಅವರ ಕೈಗೆ ಹೋದದ್ದು 2022ರ ಜನವರಿಯಲ್ಲಿ. ಅದೇ ಜೂನಿನಲ್ಲಿ, ಸೀಟಿಲ್ಲವೆಂದು ತಡೆದವರಿಗೆ ಪರಿಹಾರ ಕೊಡದಿದ್ದುದು ಬೆಂಗಳೂರು, ಹೈದರಾಬಾದ್, ದೆಹಲಿಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದು ಅದಕ್ಕೆ 10 ಲಕ್ಷ ದಂಡವಾಯಿತು. ಒಡೆಯ ಯಾರೇ ಆಗಲಿ, ಕೇಳುವವನಿಲ್ಲದಿದ್ದರೆ ಕೊಡುವವನಿಲ್ಲ.

ಹಾಗಾದರೆ ಕೇಳುವುದು ಹೇಗೆ? ಕೌಂಟರಿನಲ್ಲಿ ಕೂಗಾಡಬೇಡಿ. ಅಲ್ಲಿ ನಿಂತಿರುವ ಹುಡುಗಿಯೂ ಕೂಲಿಯವಳೇ, ಹನ್ನೆರಡು ಗಂಟೆ ನಿಂತಿರುತ್ತಾಳೆ, ವಿಮಾನ ರದ್ದು ಮಾಡಿದವಳು ಅವಳಲ್ಲ. ಶಾಂತವಾಗಿ, ಯಾವ ಕಾರಣಕ್ಕೆ ತಡೆದಿರಿ, ಯಾವ ಕಾರಣಕ್ಕೆ ರದ್ದು ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡದಿದ್ದರೆ ಫಲಕದ ಫೋಟೋ ತೆಗೆಯಿರಿ, ಮೊಬೈಲಿಗೆ ಬಂದ ಸಂದೇಶವನ್ನು ಅಳಿಸಬೇಡಿ, ಊಟದ, ಟ್ಯಾಕ್ಸಿಯ, ಬೇರೆ ಟಿಕೇಟಿನ ರಸೀದಿ ಜೋಪಾನ ಮಾಡಿ. ಪರಿಹಾರವನ್ನು ವೋಚರಿನಲ್ಲಿ ತೆಗೆದುಕೊಳ್ಳಲು ನೀವು ಒಪ್ಪಿದರೆ ಮಾತ್ರ ವೋಚರು. ಇಲ್ಲದಿದ್ದರೆ ನಗದು ಅಥವಾ ಬ್ಯಾಂಕ್ ಖಾತೆಗೆ. ಸಹಿ ಹಾಕುವ ಮೊದಲು ಕಾಗದ ಓದಿಸಿಕೊಳ್ಳಿ. ಆಮೇಲೆ ಕಂಪೆನಿಯ ನೋಡಲ್ ಅಧಿಕಾರಿಗೆ ಬರೆಯಿರಿ, ಸರ್ಕಾರದ ಏರ್‌ಸೇವಾದಲ್ಲಿ ದೂರು ದಾಖಲಿಸಿ, 1915ಕ್ಕೆ ಫೋನು ಮಾಡಿ.

ಇದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಾಗಿರುವ ಅಥವಾ ದುಡಿಯುವ ಕಡೆಯಲ್ಲೇ ದೂರು ಕೊಡಬಹುದು. ಕಂಪೆನಿಯ ಕಚೇರಿ ಗುರುಗ್ರಾಮದಲ್ಲಿದ್ದರೆ ಅದು ಅವರ ಪಾಡು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದ ಅವಧಿಯಿದೆ. ನಿಯಮದಲ್ಲಿ ಹೇಳಿದ ಮೊತ್ತಕ್ಕೇ ಆಯೋಗ ಕಟ್ಟುಬಿದ್ದಿಲ್ಲ. ನಿಜವಾಗಿ ಆದ ನಷ್ಟವನ್ನು ರಸೀದಿಯೊಡನೆ ತೋರಿಸಿದರೆ ಕೊಡಿಸಬಹುದು. ರೈಲಿನವರೂ ಇದನ್ನು ತಿಳಿದಿರಿ: ಜಮ್ಮುವಿಗೆ ಹೋಗುವ ರೈಲು ನಾಲ್ಕು ಗಂಟೆ ತಡವಾಗಿ ಮುಂದಿನ ವಿಮಾನ ತಪ್ಪಿದ ಒಬ್ಬ ಪ್ರಯಾಣಿಕರಿಗೆ ರೈಲ್ವೆ 30,000 ರೂಪಾಯಿ ಕೊಡಬೇಕೆಂಬ ಆದೇಶವನ್ನು 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ತಡಕ್ಕೆ ಕಾರಣ ತೋರಿಸುವ ಹೊಣೆ ರೈಲ್ವೆಯದು, ತೋರಿಸದಿದ್ದರೆ ಹಣ ಕೊಡಲಿ ಎಂದಿತು.

ನಮ್ಮ ಬೇಡಿಕೆಗಳು ಹೆಚ್ಚಿಲ್ಲ. ಪರಿಹಾರವನ್ನು ಕೊಟ್ಟ ಪೂರ್ತಿ ಹಣದ ಕೊಳಗದಲ್ಲೇ ಅಳೆಯಲಿ. ಮೂರು ಗಂಟೆ ದಾಟಿದ ತಡಕ್ಕೆ ನಗದು ಪರಿಹಾರ ಬರಲಿ. ಅಸಾಧಾರಣ ಸಂದರ್ಭಗಳ ಪಟ್ಟಿಯಿಂದ ಮುಷ್ಕರವನ್ನು ತೆಗೆಯಲಿ. ಕಂಪೆನಿಯ ಮೇಲೆ ಹಾಕಿದ ದಂಡದಲ್ಲಿ ಸಿಕ್ಕಿಬಿದ್ದವರಿಗೂ ಪಾಲಿರಲಿ. ಟಿಕೇಟಿನ ಷರತ್ತುಗಳನ್ನು ಕನ್ನಡದಲ್ಲಿ ಓದುವ ಅಕ್ಷರದಲ್ಲಿ ಅಚ್ಚು ಮಾಡಲಿ; ಪರಿಹಾರದ ಮೊತ್ತಗಳನ್ನು ದೇವನಹಳ್ಳಿಯ ಪ್ರತಿ ಕೌಂಟರಿನ ಮೇಲೆ ಕನ್ನಡ, ಹಿಂದಿ, ಒಡಿಯಾ, ಅಸ್ಸಾಮಿಯಲ್ಲಿ ಬರೆದು ಹಾಕಲಿ. ನೆಲ ನಮ್ಮದು, ಹಣ ನಮ್ಮದು. ಬೋರ್ಡಿಗೆ ಬೇಕಾದ ಬಣ್ಣದ ಖರ್ಚಾದರೂ ಅವರದಾಗಲಿ.

ಒಬ್ಬ ಯುವಕರು ಚೀಟಿ ಕಳಿಸಿ ಒಂದು ಪ್ರಶ್ನೆ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳಿಸಿಕೊಳ್ಳಿ. ನಾವು ಟಿಕೇಟನ್ನು ಊರಿನ ಏಜೆಂಟನ ಅಂಗಡಿಯಲ್ಲಿ ಮಾಡಿಸುತ್ತೇವೆ, ಅವನು ತನ್ನ ಮೊಬೈಲ್ ನಂಬರನ್ನೇ ಹಾಕುತ್ತಾನೆ, ವಿಮಾನ ರದ್ದಾದ ಸಂದೇಶ ಅವನಿಗೆ ಹೋಗುತ್ತದೆ, ನಮಗೆ ನಿಲ್ದಾಣಕ್ಕೆ ಹೋದ ಮೇಲೇ ತಿಳಿಯುತ್ತದೆ, ಆಗ ಪರಿಹಾರ ಉಂಟೇ ಎಂದು. ಟಿಕೇಟು ಕೊಳ್ಳುವಾಗ ಸರಿಯಾದ ವಿಳಾಸ, ಫೋನು ಕೊಡದವರಿಗೆ ಪರಿಹಾರವಿಲ್ಲ ಎಂದು ನಿಯಮವಿದೆ. ಕಂಪೆನಿ ಅದನ್ನೇ ಮುಂದೆ ಹಿಡಿಯುತ್ತದೆ. ಟಿಕೇಟಿನ ಹಣ ವಾಪಸು ಕೊಡಿಸುವ ಹೊಣೆ ಮಾತ್ರ ಏಜೆಂಟನ ಮೂಲಕ ಕೊಂಡಿದ್ದರೂ ಕಂಪೆನಿಯದೇ, ಯಾಕೆಂದರೆ ಏಜೆಂಟ್ ಅವರು ನೇಮಿಸಿದವನು. ಆದ್ದರಿಂದ ಅಂಗಡಿಯ ಮುಂದೆ ನಿಂತಾಗಲೇ ನಿಮ್ಮ ಸ್ವಂತ ನಂಬರು ಹಾಕಿಸಿ, ಹಣ ಕೊಡುವ ಮೊದಲು ಅದನ್ನು ಒಂದೊಂದೇ ಅಂಕಿಯಾಗಿ ಓದಿ ನೋಡಿ. ಓದಲು ಬಾರದ ಜೊತೆಗಾರರಿದ್ದರೆ ಅವರ ಸಂಗಡ ನೀವೂ ಅಂಗಡಿಗೆ ಹೋಗಿ.